ನೀರೊಳಗಿನ ಸ್ಕೂಟರ್: ವಿವರಪಟ್ಟಿ ಹೇಳುವುದೇನು, ಹೇಳದಿರುವುದೇನು?

ರಸ್ತೆಯ ಸ್ಕೂಟರ್ ಕೊಳ್ಳುವಾಗ 'ಲೀಟರಿಗೆ ಎಷ್ಟು ಕೊಡುತ್ತದೆ?' ಎಂದು ಕೇಳದವರಿಲ್ಲ. ಕಂಪನಿ ಹೇಳುವ ಮೈಲೇಜಿಗೂ ನಮ್ಮೂರ ರಸ್ತೆಯಲ್ಲಿ ಸಿಗುವ ಮೈಲೇಜಿಗೂ ಅಂತರವಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪೆಟ್ರೋಲ್ ಮುಗಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಬಾಟಲಿ ಹಿಡಿದು ಹೊರಟರಾಯಿತು. ನೀರೊಳಗೆ ಸಾಗುವ ಸ್ಕೂಟರಿನ ವಿಷಯ ಹಾಗಲ್ಲ. ಅಲ್ಲಿ ಪಟ್ಟಿಗೂ ವಾಸ್ತವಕ್ಕೂ ಇರುವ ಅಂತರವನ್ನು ತುಂಬಬೇಕಾದದ್ದು ಬೆನ್ನ ಮೇಲಿನ ಸಿಲಿಂಡರಿನಲ್ಲಿ ಉಳಿದಿರುವ ಗಾಳಿ.

ಕೈಯಲ್ಲಿ ಹಿಡಿದ ಒಂದು ವಿದ್ಯುತ್ ಮೋಟಾರು, ಅದು ತಿರುಗಿಸುವ ಪ್ರೊಪೆಲರ್, ಒಂದು ಬ್ಯಾಟರಿ, ಬೆರಳಿನಿಂದ ಒತ್ತುವ ಗುಂಡಿ - ಇಷ್ಟೇ ಈ ಯಂತ್ರ. ಪ್ರೊಪೆಲರ್ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಅದನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ? ನಮ್ಮ ರಾಜ್ಯದಲ್ಲಿ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮುಳುಗಾಟ ನಡೆಯುತ್ತದೆ. ಅಂಡಮಾನ್, ಲಕ್ಷದ್ವೀಪಗಳಿಗೆ ಹೋಗಿ ಮುಳುಗುವವರೂ ಇದ್ದಾರೆ. ಅವರಲ್ಲಿ ಕೆಲವರಿಗಾದರೂ ಇಂಥ ಸ್ಕೂಟರ್ ಕೊಳ್ಳುವ ಆಸೆ ಇರುತ್ತದೆ. ಕೊಳ್ಳದವರಿಗೂ ಈ ವಿಷಯದಲ್ಲಿ ಪ್ರಯೋಜನವುಂಟು. ಏಕೆಂದರೆ ಇದರ ತಾಂತ್ರಿಕ ವಿವರಪಟ್ಟಿಯನ್ನು ಪರಿಶೀಲಿಸಲು ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು. ಹಾಗೆ ಪರಿಶೀಲಿಸಿದರೆ ಪಟ್ಟಿ ಎಲ್ಲೆಲ್ಲಿ ಎಡವುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎಂಬತ್ತು ವರ್ಷಗಳ ಹಿಂದೆ

ಮುಳುಗುಗಾರರನ್ನು ಹೊತ್ತೊಯ್ಯುವ ಯಂತ್ರ ಹೊಸದೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೌಕಾಪಡೆಯು ಟಾರ್ಪೆಡೋ ಆಕಾರದ ಒಂದು ವಾಹನವನ್ನು ಬಳಸಿತು. ಅದರ ಮೇಲೆ ಇಬ್ಬರು ಕುದುರೆ ಸವಾರರಂತೆ ಕುಳಿತು ಸಾಗುತ್ತಿದ್ದರು. ನಡೆಸುವುದು ಕಷ್ಟವಾದ್ದರಿಂದ ಅದಕ್ಕೆ 'ಹಂದಿ' ಎಂಬ ಅಡ್ಡಹೆಸರು ಬಂದಿತ್ತು. 1941ರ ಡಿಸೆಂಬರಿನಲ್ಲಿ ಇಂಥ ಮೂರು ವಾಹನಗಳಲ್ಲಿ ಬಂದ ಆರು ಜನ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಂದರನ್ನು ಹೊಕ್ಕು, ಬ್ರಿಟನ್ನಿನ 'ಕ್ವೀನ್ ಎಲಿಜಬೆತ್' ಮತ್ತು 'ವೇಲಿಯಂಟ್' ಎಂಬ ಎರಡು ಯುದ್ಧನೌಕೆಗಳಿಗೆ ಭಾರೀ ಹಾನಿ ಮಾಡಿದರು.

ಆ ವಾಹನದ ವೇಗ ಗಂಟೆಗೆ ಸುಮಾರು 4ರಿಂದ 5 ಕಿ.ಮೀ. ಇಂದು ಮುಳುಗುಗಾರರು ಬಳಸುವ ಸ್ಕೂಟರುಗಳ ವೇಗವೂ ಬಹುಮಟ್ಟಿಗೆ ಗಂಟೆಗೆ 4ರಿಂದ 7 ಕಿ.ಮೀ. ನಡುವೆಯೇ ಇದೆ. ಇಷ್ಟು ವರ್ಷಗಳಲ್ಲಿ ಸೀಸದ ಬ್ಯಾಟರಿ ಹೋಗಿ ಲಿಥಿಯಂ ಅಯಾನು ಬ್ಯಾಟರಿ ಬಂದಿದೆ. ಮೋಟಾರು ಚಿಕ್ಕದಾಗಿದೆ, ಯಂತ್ರ ಕೈಚೀಲದಲ್ಲಿ ಹಿಡಿಸುವಷ್ಟಾಗಿದೆ. ಆದರೆ ವೇಗ ಮಾತ್ರ ಹೆಚ್ಚು ಬದಲಾಗಿಲ್ಲ. ಏಕೆ? ಬದಲಾದದ್ದು ಯಂತ್ರ, ನೀರಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಇಂದಿನ ಪಟ್ಟಿಯನ್ನು ಓದೋಣ.

ಒಂದು ಮಾದರಿ ಪಟ್ಟಿ

ಹಗುರವಾದ ಸ್ಕೂಟರೊಂದರ ವಿವರಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ. ಇದು ಯಾವ ಕಂಪನಿಯದೂ ಅಲ್ಲ, ಲೆಕ್ಕಕ್ಕಾಗಿ ನಾವೇ ಮಾಡಿಕೊಂಡದ್ದು.

ನೂಕುಬಲ: 9 ಕಿ.ಗ್ರಾಂ.
ಗರಿಷ್ಠ ವೇಗ: ಸೆಕೆಂಡಿಗೆ 1.8 ಮೀಟರ್
ಚಾಲನಾ ಅವಧಿ: 60 ನಿಮಿಷ
ಬ್ಯಾಟರಿ: 120 ವಾಟ್-ಗಂಟೆ
ಆಳ: 40 ಮೀಟರ್
ಜಲರಕ್ಷಣೆ: ಐಪಿ 68

ನೋಡಿದವರಿಗೆ ಏನನ್ನಿಸುತ್ತದೆ? 1.8 ಮೀಟರ್ ವೇಗದಲ್ಲಿ ಒಂದು ಗಂಟೆ, ಅಂದರೆ 3600 ಸೆಕೆಂಡು ಸಾಗಿದರೆ 6,480 ಮೀಟರ್. 'ಆರೂವರೆ ಕಿಲೋಮೀಟರ್ ಹೋಗಿಬರಬಹುದು!' ಎಂದು ಮನಸ್ಸು ಗುಣಿಸಿಬಿಡುತ್ತದೆ. ಪಟ್ಟಿಯಲ್ಲಿ ಹಾಗೆ ಎಲ್ಲಿಯೂ ಬರೆದಿಲ್ಲ. ಆದರೆ ಹಾಗೆ ಗುಣಿಸಬೇಡಿ ಎಂದೂ ಬರೆದಿಲ್ಲ. ನನ್ನ ಮೊದಲ ಆಕ್ಷೇಪ ಇದಕ್ಕೇ.

ಕಿಲೋಗ್ರಾಂ ಬಲವೇ?

ಮೊದಲ ಸಾಲನ್ನು ತೆಗೆದುಕೊಳ್ಳಿ. ಕಿಲೋಗ್ರಾಂ ದ್ರವ್ಯರಾಶಿಯ ಮಾನ. ಬಲದ ಮಾನ ನ್ಯೂಟನ್. ಪರೀಕ್ಷೆಯಲ್ಲಿ ವಿದ್ಯಾರ್ಥಿ ಹೀಗೆ ಬರೆದರೆ ನೀವು ಅಂಕ ಕಳೆಯುತ್ತೀರಿ. 9 ಕಿ.ಗ್ರಾಂ. ತೂಕಕ್ಕೆ ಸಮನಾದ ಬಲ ಎಂದು ಅರ್ಥಮಾಡಿಕೊಂಡರೆ 9 × 9.8, ಅಂದರೆ ಸುಮಾರು 88 ನ್ಯೂಟನ್.

ಮಾನಕ್ಕಿಂತ ದೊಡ್ಡ ತೊಡಕು ಅಳೆಯುವ ವಿಧಾನದಲ್ಲಿದೆ. ಈ ಬಲವನ್ನು ಸಾಮಾನ್ಯವಾಗಿ ಸ್ಕೂಟರನ್ನು ಒಂದು ಕಡೆ ಕಟ್ಟಿ, ನಿಂತಲ್ಲೇ ಪೂರ್ತಿ ಚಾಲನೆ ಕೊಟ್ಟು, ಹಗ್ಗದ ಸೆಳೆತವಾಗಿ ಅಳೆಯುತ್ತಾರೆ. ಸ್ಕೂಟರ್ ಚಲಿಸತೊಡಗಿದಾಗ ನೀರು ಪ್ರೊಪೆಲರಿನೊಳಕ್ಕೆ ಮೊದಲೇ ವೇಗವಾಗಿ ನುಗ್ಗುತ್ತದೆ. ಪ್ರೊಪೆಲರ್ ಅದರ ವೇಗವನ್ನು ಮತ್ತೆ ಹೆಚ್ಚಿಸಬಹುದಾದ ಪ್ರಮಾಣ ಕಡಿಮೆಯಾಗುತ್ತದೆ. ಆದ್ದರಿಂದ ವೇಗ ಹೆಚ್ಚಿದಂತೆ ನೂಕುಬಲ ಇಳಿಯುತ್ತದೆ. ಎಂದರೆ 88 ನ್ಯೂಟನ್ ದೊರೆಯುವುದು ನೀವು ಎಲ್ಲಿಗೂ ಹೋಗದಿರುವಾಗ ಮಾತ್ರ!

ಇದನ್ನು ಶಾಲೆಯಲ್ಲೇ ತೋರಿಸಬಹುದು. ಬ್ಯಾಟರಿಯಿಂದ ಓಡುವ ಆಟಿಕೆ ದೋಣಿಯೊಂದನ್ನು ಅಗಲವಾದ ತೊಟ್ಟಿಯಲ್ಲಿ ಬಿಡಿ. ಅದರ ಹಿಂಭಾಗಕ್ಕೆ ತೆಳುವಾದ ರಬ್ಬರ್ ಬ್ಯಾಂಡ್ ಕಟ್ಟಿ, ಇನ್ನೊಂದು ತುದಿಯನ್ನು ತೊಟ್ಟಿಯ ಅಂಚಿಗೆ ಸಿಕ್ಕಿಸಿ. ಬ್ಯಾಂಡ್ ಎಷ್ಟು ಹಿಗ್ಗಿತು ಎಂಬುದು ನಿಂತ ಸ್ಥಿತಿಯ ನೂಕುಬಲವನ್ನು ಸೂಚಿಸುತ್ತದೆ. ಬಳಿಕ ಬ್ಯಾಂಡ್ ಬಿಚ್ಚಿ ದೋಣಿಯ ವೇಗವನ್ನು ಅಳೆಯಿರಿ. ಅನಂತರ ದೋಣಿಯ ತಳಕ್ಕೆ ರಟ್ಟಿನ ಅಡ್ಡಪಟ್ಟಿಯೊಂದನ್ನು ಅಂಟಿಸಿ ಎರಡನ್ನೂ ಮತ್ತೆ ಅಳೆಯಿರಿ. ಬ್ಯಾಂಡಿನ ಹಿಗ್ಗುವಿಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ವೇಗ ಮಾತ್ರ ಕುಸಿಯುತ್ತದೆ. ವೇಗವನ್ನು ನಿರ್ಧರಿಸುವುದು ನೂಕುಬಲವೊಂದೇ ಅಲ್ಲ, ಎದುರಾಗುವ ತಡೆಯೂ ಹೌದು ಎಂಬುದು ಮಕ್ಕಳಿಗೆ ಕೂಡಲೇ ಮನದಟ್ಟಾಗುತ್ತದೆ.

ವೇಗದ ಬೆಲೆ

ನೀರಿನ ತಡೆಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಆ ತಡೆಯ ವಿರುದ್ಧ ಸಾಗಲು ಬೇಕಾದ ಸಾಮರ್ಥ್ಯ ಎಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಆದ್ದರಿಂದ ಸಾಮರ್ಥ್ಯವು ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು ಬೇಕು. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿ.ಗ್ರಾಂ. ಗಾಳಿಯ ಸಾಂದ್ರತೆಯ ಎಂಟುನೂರು ಪಟ್ಟಿಗೂ ಹೆಚ್ಚು. ಇಂಥ ಮಾಧ್ಯಮದಲ್ಲಿ ಘನದ ನಿಯಮಕ್ಕೆ ಸಿಕ್ಕಿದವರು ಅವಸರ ಮಾಡುವಂತಿಲ್ಲ.

ಸಿಲಿಂಡರ್, ಜಾಕೆಟ್, ಕೊಳವೆಗಳನ್ನು ಹೊತ್ತ ಒಬ್ಬ ಮುಳುಗುಗಾರನ ಮೇಲೆ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 70 ನ್ಯೂಟನ್ ತಡೆ ಉಂಟಾಗುತ್ತದೆ ಎಂದಿಟ್ಟುಕೊಳ್ಳೋಣ. ಮೋಟಾರು ಮತ್ತು ಪ್ರೊಪೆಲರ್ ಸೇರಿ ಒಟ್ಟು ದಕ್ಷತೆ ಶೇಕಡ 40 ಎಂದೂ ಇರಲಿ. ಬ್ಯಾಟರಿ ನಮ್ಮ ಪಟ್ಟಿಯದೇ, 120 ವಾಟ್-ಗಂಟೆ. ಆಗ ಲೆಕ್ಕ ಹೀಗಾಗುತ್ತದೆ:

ಸೆಕೆಂಡಿಗೆ 1 ಮೀಟರ್ ವೇಗದಲ್ಲಿ: ತಡೆ 70 ನ್ಯೂಟನ್, ಬ್ಯಾಟರಿಯಿಂದ 175 ವಾಟ್, ಅವಧಿ 41 ನಿಮಿಷ, ದೂರ ಸುಮಾರು 2.5 ಕಿ.ಮೀ.
ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ: ತಡೆ 158 ನ್ಯೂಟನ್, 590 ವಾಟ್, 12 ನಿಮಿಷ, ದೂರ 1.1 ಕಿ.ಮೀ.
ಸೆಕೆಂಡಿಗೆ 2 ಮೀಟರ್ ವೇಗದಲ್ಲಿ: ತಡೆ 280 ನ್ಯೂಟನ್, 1400 ವಾಟ್, 5 ನಿಮಿಷ, ದೂರ 600 ಮೀಟರಿಗೆ ತುಸು ಹೆಚ್ಚು.

ಗಮನಿಸಿ: ವೇಗ ಎರಡು ಪಟ್ಟಾದಾಗ ಅವಧಿ ಎಂಟನೆಯ ಒಂದು ಭಾಗಕ್ಕೆ, ದೂರ ಕಾಲು ಭಾಗಕ್ಕೆ ಇಳಿಯಿತು. 70 ನ್ಯೂಟನ್ ಎಂಬ ಅಂದಾಜನ್ನು ನೀವು ಬದಲಾಯಿಸಬಹುದು, ಶೇಕಡ 40 ಎಂಬುದನ್ನೂ ಬದಲಾಯಿಸಬಹುದು. ಆದರೆ ಈ ಎಂಟನೆಯ ಒಂದು, ನಾಲ್ಕನೆಯ ಒಂದು ಎಂಬ ಅನುಪಾತಗಳು ಬದಲಾಗುವುದಿಲ್ಲ.

ಈಗ ಪಟ್ಟಿಗೆ ಮರಳೋಣ. 120 ವಾಟ್-ಗಂಟೆ ಎಂದರೆ 4,32,000 ಜೂಲ್. ಶಕ್ತಿಯನ್ನು ದೂರದಿಂದ ಭಾಗಿಸಿದರೆ ಬಲ ಬರುತ್ತದೆ. 4,32,000ವನ್ನು 6,480 ಮೀಟರಿನಿಂದ ಭಾಗಿಸಿ: ಸುಮಾರು 67 ನ್ಯೂಟನ್. ಎಂದರೆ ಒಂದಿಷ್ಟೂ ನಷ್ಟವಿಲ್ಲದ ಆದರ್ಶ ಯಂತ್ರವಾದರೂ, 1.8 ಮೀಟರ್ ವೇಗದಲ್ಲಿ ಒಂದು ಗಂಟೆ ಓಡಬೇಕಾದರೆ ತಡೆ 67 ನ್ಯೂಟನ್ನಿಗಿಂತ ಹೆಚ್ಚಿರಬಾರದು. ನಮ್ಮ ಮುಳುಗುಗಾರನಿಗೆ ಆ ವೇಗದಲ್ಲಿ ಎದುರಾಗುವ ತಡೆಯೋ 227 ನ್ಯೂಟನ್! ಹಾಗಾದರೆ ಪಟ್ಟಿ ಸುಳ್ಳು ಹೇಳುತ್ತಿದೆಯೇ? ಇಲ್ಲ. ಗರಿಷ್ಠ ವೇಗವನ್ನು ಒಂದು ಸಲ ಅಳೆದಿದ್ದಾರೆ, ಅವಧಿಯನ್ನು ಇನ್ನೊಂದು ಸಲ, ಕಡಿಮೆ ವೇಗದಲ್ಲಿ ಅಳೆದಿದ್ದಾರೆ. ಎರಡೂ ನಿಜ. ಎರಡೂ ಒಟ್ಟಿಗೆ ನಿಜವಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನೂಕುಬಲ 88 ನ್ಯೂಟನ್ ಪೂರ್ತಿಯಾಗಿ ಉಳಿಯಿತೆಂದೇ ಇಟ್ಟುಕೊಂಡರೂ, ತಡೆಯು 88 ನ್ಯೂಟನ್ ಮುಟ್ಟುವುದು ಸೆಕೆಂಡಿಗೆ 1.12 ಮೀಟರ್ ವೇಗದಲ್ಲಿ. ಅದಕ್ಕಿಂತ ವೇಗವಾಗಿ ನಮ್ಮ ಮುಳುಗುಗಾರ ಹೋಗಲಾರ. ಹಾಗಾದರೆ 1.8 ಎಲ್ಲಿಂದ ಬಂತು? ಸಿಲಿಂಡರ್ ಇಲ್ಲದೆ, ಬರೀ ಈಜುಡುಗೆಯಲ್ಲಿ ಮೈಯನ್ನು ನೀಳವಾಗಿ ಚಾಚಿದ ತೆಳ್ಳನೆಯ ಈಜುಗಾರನ ಮೇಲಿನ ತಡೆ ಬಹಳ ಕಡಿಮೆ. ಅಂಥವನೊಡನೆ ಅಳೆದರೆ ಆ ವೇಗಕ್ಕೆ ಹತ್ತಿರ ಬರಬಹುದು. ಅಳತೆಯಲ್ಲಿ ಯಂತ್ರದ ಜೊತೆಗೆ ಸವಾರನ ದೇಹವೂ ಸೇರಿದೆ. ಯಾರನ್ನು ಎಳೆದಾಗ ಎಂಬುದನ್ನು ಹೇಳದ ವೇಗ ಅರ್ಧ ಮಾಹಿತಿ ಮಾತ್ರ. ಗುಹೆಗಳನ್ನು ಶೋಧಿಸುವವರಿಗಾಗಿ ಸ್ಕೂಟರ್ ತಯಾರಿಸುವ ಕೆಲವು ಕಂಪನಿಗಳು ಇಂತಿಷ್ಟು ವೇಗದಲ್ಲಿ ಇಷ್ಟು ದೂರ ಎಂದು ಎರಡನ್ನೂ ಜೋಡಿಸಿ ಕೊಡುತ್ತವೆ. ಆ ಪದ್ಧತಿ ಮೆಚ್ಚತಕ್ಕದ್ದು. ಎಲ್ಲರೂ ಹಾಗೆ ಮಾಡಬಾರದೇಕೆ?

ಆಳದ ಸಾಲುಗಳು

'ಐಪಿ 68' ಎಂಬ ಗುರುತು ಬಹಳ ಜನರಿಗೆ ಭರವಸೆ ಕೊಡುತ್ತದೆ. ಇದರಲ್ಲಿ 6 ಎಂಬುದು ದೂಳಿನಿಂದ ರಕ್ಷಣೆಯನ್ನು, 8 ಎಂಬುದು ನೀರಿನಲ್ಲಿ ಸತತವಾಗಿ ಮುಳುಗಿರಬಲ್ಲದು ಎಂಬುದನ್ನು ಸೂಚಿಸುತ್ತದೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ಆ ಗುರುತು ಹೇಳುವುದಿಲ್ಲ. ಅದನ್ನು ತಯಾರಕರೇ ಬೇರೆಯಾಗಿ ಹೇಳಬೇಕು. ಒಂದೂವರೆ ಮೀಟರಿಗೆ ಪರೀಕ್ಷಿಸಿದ ಫೋನಿನ ಮೇಲೂ 'ಐಪಿ 68' ಇರಬಹುದು. ಆದ್ದರಿಂದ ಮುಳುಗುಗಾರನಿಗೆ ಇದು ಅಲಂಕಾರದ ಸಾಲು.

40 ಮೀಟರ್ ಎಂಬುದು ನಿಜವಾದ ಮಾಹಿತಿ. ಹವ್ಯಾಸಿ ಮುಳುಗಾಟದ ಮಿತಿಯೂ ಅಷ್ಟೇ. ಆ ಆಳದಲ್ಲಿ ಪೆಟ್ಟಿಗೆಯ ಮೇಲೆ ಬೀಳುವ ಹೆಚ್ಚುವರಿ ಒತ್ತಡವನ್ನು ಲೆಕ್ಕ ಹಾಕಿ: 1025 × 9.8 × 40, ಸುಮಾರು 4 ಲಕ್ಷ ಪಾಸ್ಕಲ್. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಬ್ಯಾಟರಿ ಮುಚ್ಚಳದ ಮೇಲೆ 4,000 ನ್ಯೂಟನ್ ಬಲ. ನಾಲ್ಕು ಕ್ವಿಂಟಲ್ ಭಾರ ಹೇರಿದಂತೆ! ಇದನ್ನು ತಡೆದು ನಿಲ್ಲುವುದು ಒಂದು ರಬ್ಬರ್ ಉಂಗುರ. ಅದರಡಿಯಲ್ಲಿ ಒಂದು ತಲೆಗೂದಲೋ ಮರಳಿನ ಕಣವೋ ಸಿಕ್ಕಿಕೊಂಡರೆ ನೀರಿಗೆ ದಾರಿಯಾಗುತ್ತದೆ. ಆದ್ದರಿಂದ ಉಂಗುರವನ್ನು ಕಣ್ಣಿಗೆ ಕಾಣುವಂತೆ, ಸುಲಭವಾಗಿ ತೆಗೆದು ಒರೆಸಿ ಗ್ರೀಸ್ ಸವರುವಂತೆ ಇಟ್ಟಿರುವ ಮಾದರಿಯೇ ಲೇಸು. ಬಿಡಿ ಉಂಗುರಗಳು ದೊರೆಯುತ್ತವೆಯೇ ಎಂದೂ ಕೇಳಿ. ನೀವು ಹೋಗುವ ಆಳಕ್ಕೂ ಯಂತ್ರದ ಮಿತಿಗೂ ನಡುವೆ ಒಳ್ಳೆಯ ಅಂತರವಿರಲಿ.

ತೇಲುವಿಕೆಯ ಬಗ್ಗೆ ಅನೇಕ ಪಟ್ಟಿಗಳು ಮೌನವಾಗಿರುತ್ತವೆ. ಕೈಬಿಟ್ಟರೆ ಸ್ಕೂಟರ್ ಮೇಲಕ್ಕೂ ಹಾರಬಾರದು, ಕೆಳಕ್ಕೂ ಬೀಳಬಾರದು. ಆರ್ಕಿಮಿಡೀಸ್ ತತ್ತ್ವದಂತೆ 20 ಲೀಟರ್ ಗಾತ್ರದ ಸ್ಕೂಟರ್ ಸಿಹಿನೀರಿನಲ್ಲಿ ಸಮತೋಲದಲ್ಲಿರಬೇಕಾದರೆ ಅದರ ದ್ರವ್ಯರಾಶಿ 20 ಕಿ.ಗ್ರಾಂ. ಇರಬೇಕು. ಅದೇ ಸಮುದ್ರದಲ್ಲಿ 20.5 ಕಿ.ಗ್ರಾಂ. ಈಜುಕೊಳದಲ್ಲಿ ಸರಿಯಾಗಿದ್ದ ಯಂತ್ರ ಸಮುದ್ರದಲ್ಲಿ ಅರ್ಧ ಕಿಲೋ ಭಾರದಷ್ಟು ಬಲದಿಂದ ಕೈಯನ್ನು ಮೇಲಕ್ಕೆ ಎಳೆಯುತ್ತದೆ. ಸಣ್ಣ ತೂಕಗಳನ್ನು ಸೇರಿಸಿ ಹೊಂದಿಸಿಕೊಳ್ಳುವ ಅನುಕೂಲ ಇದೆಯೇ ಎಂಬುದನ್ನು ನೋಡಬೇಕು.

ಪಟ್ಟಿಯಲ್ಲಿಲ್ಲದ ಸಾಲುಗಳು

ಇಲ್ಲಿಯವರೆಗಿನ ಟೀಕೆ ಬರೆದದ್ದರ ಕುರಿತು. ಇನ್ನು ಬರೆಯದೇ ಬಿಟ್ಟದ್ದನ್ನು ನೋಡೋಣ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರ.

ಮೊದಲನೆಯದು, ಮರಳಿ ಬರುವ ಲೆಕ್ಕ. ಮುಳುಗುಗಾರನೊಬ್ಬ 15 ಮೀಟರ್ ಆಳದಲ್ಲಿ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 600 ಮೀಟರ್ ದೂರ ಹೋದನೆನ್ನಿ. ತೆಗೆದುಕೊಂಡ ಸಮಯ 10 ನಿಮಿಷ. ನೀರಿನ ಮೇಲೆ ಅವನು ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವುದಾದರೆ, 15 ಮೀಟರ್ ಆಳದಲ್ಲಿ ಒತ್ತಡ ಎರಡೂವರೆ ಪಟ್ಟಾದ್ದರಿಂದ 50 ಲೀಟರ್ ಬೇಕು. ಹೋಗಲು 500 ಲೀಟರ್ ಆಯಿತು. ಅಲ್ಲಿ ಸ್ಕೂಟರ್ ನಿಂತುಹೋಯಿತು. ಕಾಲು ಬಡಿದು ಸೆಕೆಂಡಿಗೆ 0.4 ಮೀಟರ್ ವೇಗದಲ್ಲಿ ಈಜಿ ಬರಲು 25 ನಿಮಿಷ ಬೇಕು. ಅದಕ್ಕೆ 1,250 ಲೀಟರ್. 11.1 ಲೀಟರ್ ಗಾತ್ರದ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಇರುವುದು 2,220 ಲೀಟರ್. ಮುಟ್ಟಬಾರದೆಂದು ಇಡುವ 50 ಬಾರ್ ಮೀಸಲು 555 ಲೀಟರ್. ಈಗ ಕೂಡಿಸಿ: 500 + 1,250 + 555 = 2,305. ಲೆಕ್ಕ ಆಗಲೇ ತಪ್ಪಿತು. ಇದರಲ್ಲಿ ಕೆಟ್ಟ ಸ್ಕೂಟರನ್ನು ಎಳೆದು ತರುವ ಶ್ರಮ, ಗಾಬರಿಯ ಉಸಿರು, ಎದುರು ಬರುವ ಪ್ರವಾಹ ಯಾವುದನ್ನೂ ಸೇರಿಸಿಲ್ಲ.

ಬಯಲು ಸಮುದ್ರದಲ್ಲಾದರೆ ನಿಧಾನವಾಗಿ ಮೇಲೇರಬಹುದು. ಆದರೆ ದೋಣಿಯವರು ಕಾಯುತ್ತಿರುವ ಜಾಗದಿಂದ ಬಹು ದೂರದಲ್ಲಿ ಅವನ ತಲೆ ಕಾಣಿಸಿಕೊಳ್ಳುತ್ತದೆ. ಗುಹೆಯಲ್ಲಾದರೆ ಮೇಲೆ ಕಲ್ಲು. ಅಮೆರಿಕದ ಫ್ಲಾರಿಡಾದಲ್ಲಿ 2007ರ ಡಿಸೆಂಬರಿನಲ್ಲಿ ಇಬ್ಬರು ಮುಳುಗುಗಾರರು ಟರ್ನರ್ ಸಿಂಕ್ ಎಂಬಲ್ಲಿ ನೀರಿಗಿಳಿದು, ನೆಲದಡಿಯ ಗುಹೆಗಳಲ್ಲಿ ಸುಮಾರು 11 ಕಿ.ಮೀ. ಸಾಗಿ ವಕುಲ್ಲಾ ಬುಗ್ಗೆಯಲ್ಲಿ ಮೇಲೆ ಬಂದರು. ಸುಮಾರು 90 ಮೀಟರ್ ಆಳದ ಆ ಪಯಣ ಸ್ಕೂಟರುಗಳಿಲ್ಲದೆ ಸಾಧ್ಯವೇ ಇರಲಿಲ್ಲ. ಅವರು ಒಂದೇ ಸ್ಕೂಟರನ್ನು ನಂಬಿ ಹೋಗಲಿಲ್ಲ, ಬದಲಿ ಸ್ಕೂಟರುಗಳನ್ನೂ ಎಳೆದೊಯ್ದರು. ಗಾಳಿಯಲ್ಲಿ ಮೂರನೆಯ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂಬುದು ಗುಹಾ ಮುಳುಗುಗಾರರ ಹಳೆಯ ನಿಯಮ. ಬ್ಯಾಟರಿಗೂ ಇಂಥ ನಿಯಮವಿಲ್ಲದೆ ಹೊರಡುವುದು ವಿವೇಕವಲ್ಲ. ಪಟ್ಟಿಯ 60 ನಿಮಿಷವನ್ನು ಓದುವವರು ಅದರಲ್ಲಿ ತಮ್ಮ ಪಾಲು 20 ನಿಮಿಷ ಎಂದು ತಿಳಿಯಬೇಕು.

ಎರಡನೆಯದು, ಏರುವ ವೇಗ. ಮುಳುಗುಗಾರ ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರಬಾರದು ಎಂಬುದು ಇಂದು ವ್ಯಾಪಕವಾಗಿ ಹೇಳುವ ಬುದ್ಧಿಮಾತು. ಸೆಕೆಂಡಿಗೆ 1.5 ಮೀಟರ್ ಎಂದರೆ ನಿಮಿಷಕ್ಕೆ 90 ಮೀಟರ್. ಎಂದರೆ ಸ್ಕೂಟರಿನ ಮೂತಿ ಮೇಲಕ್ಕೆ ತಿರುಗಿದರೆ ಸುರಕ್ಷಿತ ವೇಗದ ಹತ್ತು ಪಟ್ಟು! 10 ಮೀಟರ್ ಆಳದಿಂದ ಮೇಲೆ ಬರಲು ಏಳು ಸೆಕೆಂಡು ಸಾಕು. ಅಷ್ಟರಲ್ಲಿ ಒತ್ತಡ ಅರ್ಧವಾಗುತ್ತದೆ, ಬಾಯ್ಲನ ನಿಯಮದಂತೆ ಗಾಳಿಯ ಗಾತ್ರ ಎರಡು ಪಟ್ಟಾಗುತ್ತದೆ. ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶದ ಗಾಳಿಗೂಡುಗಳು ಹರಿದು, ಗಾಳಿಯ ಗುಳ್ಳೆಗಳು ರಕ್ತವನ್ನು ಸೇರಿ ಮಿದುಳಿಗೆ ಹೋಗಬಹುದು. ಪೂರ್ತಿ ಉಸಿರು ತುಂಬಿಕೊಂಡಿದ್ದಾಗ ಒಂದೆರಡು ಮೀಟರ್ ಏರಿಕೆಯೂ ಅಪಾಯಕಾರಿ. ಇಳಿಯುವಾಗ ಕಿವಿಯ ತಮಟೆಗೆ ಇದೇ ಪಾಡು. ವೇಗವನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕುವವರು ಈ ಮಾತನ್ನು ಸಣ್ಣ ಅಕ್ಷರದಲ್ಲಾದರೂ ಪಕ್ಕದಲ್ಲೇ ಹಾಕಬೇಡವೇ?

ಮೂರನೆಯದು, ಬೆರಳಿನ ಗುಂಡಿ. ಬಿಟ್ಟ ಕೂಡಲೇ ಮೋಟಾರು ನಿಲ್ಲಬೇಕು. ಒಮ್ಮೆ ಒತ್ತಿದರೆ ಓಡುತ್ತಲೇ ಇರುವ ಏರ್ಪಾಡು ಸುಖವೆನಿಸಿದರೂ, ಕೈಜಾರಿದ ಸ್ಕೂಟರ್ ಎತ್ತ ಹೋದೀತು ಹೇಳಲಾಗದು. ಪ್ರೊಪೆಲರಿನ ಸುತ್ತ ಕವಚವಿರಬೇಕು, ಕೂದಲು, ಪಟ್ಟಿ, ಬೆರಳು ಒಳಹೋಗದಂತೆ ಜಾಲರಿ ಇರಬೇಕು. ಹೆಚ್ಚು ಹೊತ್ತು ಬಳಸುವವರು ಎಳೆತವೆಲ್ಲ ತೋಳಿನ ಮೇಲೆ ಬೀಳದಂತೆ ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಳ್ಳುವ ಮಾದರಿಯನ್ನು ಆರಿಸುವುದು ಒಳ್ಳೆಯದು.

ಬ್ಯಾಟರಿಯ ಬಗ್ಗೆ ಎರಡು ಮಾತು

ಹಿಂದಿನ ಸ್ಕೂಟರುಗಳ ಸೀಸ-ಆಮ್ಲ ಬ್ಯಾಟರಿಗಳಿಂದ ಜಲಜನಕ ಹೊಮ್ಮುತ್ತಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಸೇರಿಕೊಂಡರೆ ಸ್ಫೋಟದ ಭಯ. ಲಿಥಿಯಂ ಬ್ಯಾಟರಿ ಅಷ್ಟೇ ತೂಕಕ್ಕೆ ನಾಲ್ಕೈದು ಪಟ್ಟು ಶಕ್ತಿ ಹಿಡಿದಿಡುತ್ತದೆ. ಆದರೆ ಒಳಕ್ಕೆ ಉಪ್ಪುನೀರು ನುಗ್ಗಿದರೆ ಬೆಂಕಿಗೆ ಕಾರಣವಾಗಬಹುದು. ನೀರು ಕುಡಿದ ಬ್ಯಾಟರಿಯನ್ನು ಒಣಗಿಸಿ ಮತ್ತೆ ಚಾರ್ಜ್ ಮಾಡುವ ಸಾಹಸ ಸಲ್ಲದು.

ವಿಮಾನದಲ್ಲಿ ಒಯ್ಯುವವರು ವಾಟ್-ಗಂಟೆಯ ಸಂಖ್ಯೆಯನ್ನು ಮೊದಲು ನೋಡಬೇಕು. 100 ವಾಟ್-ಗಂಟೆಯವರೆಗಿನ ಬ್ಯಾಟರಿಗೆ ಸಾಮಾನ್ಯವಾಗಿ ತಡೆಯಿಲ್ಲ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೂ ಮೀರಿದ್ದನ್ನು ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ. ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಅನೇಕ ಹಗುರ ಮಾದರಿಗಳ ಬ್ಯಾಟರಿ 100ಕ್ಕೋ 160ಕ್ಕೋ ಕೊಂಚ ಕೆಳಗೆ ನಿಂತಿರುವುದಕ್ಕೆ ಈ ನಿಯಮವೇ ಕಾರಣ. ಅಂಡಮಾನಿಗೆ ಹಾರುವ ಮುಳುಗುಗಾರನ ಸ್ಕೂಟರ್ ಎಷ್ಟು ದೂರ ಹೋಗಬೇಕೆಂಬುದನ್ನು ಸಮುದ್ರಕ್ಕಿಂತ ಮೊದಲು ವಿಮಾನ ನಿಲ್ದಾಣವೇ ತೀರ್ಮಾನಿಸುತ್ತದೆ!

ಹಾಗಾದರೆ ಯಾವುದನ್ನು ಆರಿಸಬೇಕು?

ಅತಿ ವೇಗದ್ದನ್ನಲ್ಲ. ಒಬ್ಬ ಮುಳುಗುಗಾರನಿಗೆ ಸೆಕೆಂಡಿಗೆ 1 ಮೀಟರ್ ಆಸುಪಾಸಿನ ವೇಗ ಸಾಕು. ಕಾಲು ಬಡಿದು ಹೋಗುವುದರ ಎರಡು ಪಟ್ಟಿಗೂ ಮಿಗಿಲು ಅದು. ಕೊಳ್ಳುವ ಮುನ್ನ ಮಾರುವವರನ್ನು ಈ ಐದನ್ನು ಕೇಳಿ: 60 ನಿಮಿಷ ಎಂದದ್ದು ಯಾವ ವೇಗದಲ್ಲಿ? ಆ ವೇಗವನ್ನು ಅಳೆದಾಗ ಸವಾರನ ಬೆನ್ನಿನ ಮೇಲೆ ಸಿಲಿಂಡರ್ ಇತ್ತೇ? ಬ್ಯಾಟರಿ ಎಷ್ಟು ವಾಟ್-ಗಂಟೆ, ಹಳತಾದಾಗ ಬೇರೆ ಸಿಗುತ್ತದೆಯೇ? ಸಮುದ್ರದಲ್ಲಿ ಕೈಬಿಟ್ಟರೆ ಸ್ಕೂಟರ್ ಏನು ಮಾಡುತ್ತದೆ? ಗುಂಡಿ ಬಿಟ್ಟರೆ ನಿಲ್ಲುತ್ತದೆಯೇ? ಉತ್ತರ ಬಾರದ ಅಂಗಡಿಯಿಂದ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.

ಇನ್ನೊಂದು ಪ್ರಶ್ನೆಯನ್ನು ನಿಮ್ಮನ್ನೇ ಕೇಳಿಕೊಳ್ಳಬೇಕು. ಸ್ಕೂಟರ್ ಇಲ್ಲದೆ, ಮೇಲಕ್ಕೂ ಕೆಳಕ್ಕೂ ಜಾರದೆ ನೀರಿನ ನಡುವೆ ನಿಲ್ಲಲು ಬರುತ್ತದೆಯೇ? ಬಾರದವರ ಕೈಯಲ್ಲಿ ಸ್ಕೂಟರ್ ಅವರಿಗೂ ಅಪಾಯ, ಹವಳಕ್ಕೂ ಅಪಾಯ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಅದರ ಕೊಂಬೆಯನ್ನು ಮುರಿಯಲು ಹಿಡಿತ ತಪ್ಪಿದ ಯಂತ್ರಕ್ಕೆ ಒಂದು ಕ್ಷಣ ಸಾಕು.

ಶಿಕ್ಷಕರಿಗೆ ಒಂದು ವಿನಂತಿ. ಬಲ, ಸಾಮರ್ಥ್ಯ, ಒತ್ತಡ, ಪ್ಲವನ ಬಲ, ಬಾಯ್ಲನ ನಿಯಮ - ಇವಿಷ್ಟನ್ನೂ ಪಾಠ ಮಾಡಿದ ಮೇಲೆ ಇಂಥ ಒಂದು ವಿವರಪಟ್ಟಿಯನ್ನು ಮಕ್ಕಳ ಮುಂದಿಡಿ. ನೀರೊಳಗಿನ ಸ್ಕೂಟರಿನದೇ ಆಗಬೇಕೆಂದಿಲ್ಲ. ಪಂಪ್‌ಸೆಟ್ಟಿನದು, ಇನ್ವರ್ಟರಿನದು, ವಿದ್ಯುತ್ ಬೈಕಿನದು, ಯಾವುದಾದರೂ ಸರಿ. ಪಟ್ಟಿಯ ಯಾವ ಎರಡು ಸಾಲುಗಳು ಒಟ್ಟಿಗೆ ನಿಜವಾಗಲಾರವು ಎಂದು ಕಂಡುಹಿಡಿಯಲು ಹೇಳಿ. ಭಾಗಾಕಾರ ಬಲ್ಲವನನ್ನು ಜಾಹೀರಾತು ಸುಲಭವಾಗಿ ನೀರಿಗಿಳಿಸಲಾರದು.